ಮಗುವಿನ ಮಾತು ಅಂಕಿಯಾದ ಹಾದಿ

2017ರ ನವೆಂಬರ್ 30ರಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಹಿಂದಿನ ಸಾಲಿನ ವರದಿಯನ್ನು ಬಿಡುಗಡೆ ಮಾಡಿತು. 2016ರಲ್ಲಿ ಮಕ್ಕಳ ಮೇಲೆ ನಡೆದ ಅತ್ಯಾಚಾರದ ಪ್ರಕರಣಗಳು 19,765 ಎಂದು ಅದರಲ್ಲಿತ್ತು. 2015ರ ವರದಿಯಲ್ಲಿ ಇದಕ್ಕೆ ಎದುರಾಗಿದ್ದ ಅಂಕಿ 10,854. ಒಂದೇ ವರ್ಷದಲ್ಲಿ ಶೇ 82ರಷ್ಟು ಏರಿಕೆ ಎಂಬ ಸುದ್ದಿ ದೇಶದ ತುಂಬ ಹಬ್ಬಿತು. ಓದಿದವರ ಎದೆ ನಡುಗಿದ್ದರಲ್ಲಿ ಆಶ್ಚರ್ಯವಿಲ್ಲ. ಆದರೆ ಆ ಎರಡು ವರ್ಷಗಳ ಕೋಷ್ಟಕಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಬೇರೆಯೇ ಕಥೆ ಬಿಚ್ಚಿಕೊಳ್ಳುತ್ತದೆ.

2015ರ ಆ 10,854 ಪ್ರಕರಣಗಳು ಭಾರತೀಯ ದಂಡ ಸಂಹಿತೆಯ 376ನೇ ಕಲಮಿನಡಿ ದಾಖಲಾದವು. ಅದೇ ವರ್ಷ, ಅದೇ ಬಗೆಯ ಕೃತ್ಯಗಳ ಇನ್ನೂ 8,800 ಪ್ರಕರಣಗಳು, ಲೈಂಗಿಕ ಅಪರಾಧಗಳಿಂದ ಮಕ್ಕಳನ್ನು ರಕ್ಷಿಸಲು 2012ರಲ್ಲಿ ಬಂದ ಪೋಕ್ಸೊ ಕಾಯ್ದೆಯಡಿ ದಾಖಲಾಗಿ ಬೇರೊಂದು ಕೋಷ್ಟಕದಲ್ಲಿದ್ದವು. ಎರಡನ್ನೂ ಕೂಡಿಸಿ: 19,654. ಮರುವರ್ಷ ಬ್ಯೂರೊ ಎರಡೂ ಗುಂಪುಗಳನ್ನು ಒಂದೇ ಸಾಲಿಗೆ ತಂದಿತು, ಬಂದದ್ದು 19,765. ಅಂದರೆ ಕೂಡಿದ ಲೆಕ್ಕದಲ್ಲಿ ಹೆಚ್ಚಾದದ್ದು 111 ಪ್ರಕರಣ. ಅದಕ್ಕೂ ಹಿಂದಿನ ವರ್ಷ, 2014ರಲ್ಲಿ, 376ನೇ ಕಲಮಿನಡಿ 13,766 ಪ್ರಕರಣಗಳಿದ್ದವು. ಹಾಗಾಗಿ 2015ರಲ್ಲಿ ಅತ್ಯಾಚಾರ ಕಡಿಮೆಯಾದಂತೆಯೂ 2016ರಲ್ಲಿ ಒಮ್ಮೆಗೇ ಸಿಡಿದಂತೆಯೂ ಕಂಡಿತು. ಈ ಇಳಿತ ಏರಿಕೆಗಳ ಬಹುಪಾಲು ನಡೆದದ್ದು ಮಕ್ಕಳ ಬದುಕಿನಲ್ಲಲ್ಲ, ಠಾಣೆಯ ದಾಖಲೆ ಪುಸ್ತಕದಲ್ಲಿ ಮತ್ತು ದೆಹಲಿಯ ಕೋಷ್ಟಕದಲ್ಲಿ.

ಇದನ್ನು ಹೇಳುವಾಗ ನನಗೊಂದು ಭಯವಿದೆ. ‘ಹಾಗಾದರೆ ಇದೆಲ್ಲ ಉತ್ಪ್ರೇಕ್ಷೆ’ ಎಂದು ಯಾರಾದರೂ ನಿಟ್ಟುಸಿರು ಬಿಟ್ಟಾರು. ನಿಜ ತದ್ವಿರುದ್ಧ. ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯದ ಸರ್ಕಾರಿ ಅಪರಾಧ ಅಂಕಿಗಳು ಯಾವ ಕಾಲದಲ್ಲೂ ದೌರ್ಜನ್ಯವನ್ನು ಅಳೆದಿಲ್ಲ. ಮಗುವಿನ ಮಾತಿಗೆ ವ್ಯವಸ್ಥೆ ಎಷ್ಟರ ಮಟ್ಟಿಗೆ ಕಿವಿಗೊಟ್ಟಿತು ಎಂಬುದನ್ನಷ್ಟೇ ಅಳೆದಿವೆ. ಆ ಕಿವಿ ತೆರೆದುಕೊಳ್ಳಲು ಹಿಡಿದ ಕಾಲ ದೀರ್ಘವಾದದ್ದು.

1860ರ ದಂಡ ಸಂಹಿತೆ ಮಗುವಿನ ಮೈಮೇಲಿನ ಆಕ್ರಮಣವನ್ನು ಗುರುತಿಸಲು ಇಟ್ಟುಕೊಂಡಿದ್ದದ್ದು ವಯಸ್ಸಿನ ಒಂದು ಗೆರೆ: ಹತ್ತು ವರ್ಷ. ಕಲ್ಕತ್ತೆಯಲ್ಲಿ ಆ ಗೆರೆಯನ್ನು ಆಗಷ್ಟೇ ದಾಟಿದ್ದ ಬಾಲಕಿಯೊಬ್ಬಳು ಮೂವತ್ತು ಮೀರಿದ ಗಂಡನ ಕೈಯಲ್ಲಿ ರಕ್ತಸ್ರಾವವಾಗಿ ಸತ್ತಳು. 1890ರಲ್ಲಿ ವಿಚಾರಣೆ ನಡೆದಾಗ ಅದನ್ನು ಅತ್ಯಾಚಾರ ಎನ್ನಲು ಕಾನೂನಿನಲ್ಲಿ ದಾರಿಯೇ ಇರಲಿಲ್ಲ. ಗಂಡನಿಗೆ ಒಂದು ವರ್ಷದ ಕಠಿಣ ಸಜೆಯಾಯಿತು. ಆ ಸಾವಿನ ಒತ್ತಡದಲ್ಲಿ 1891ರಲ್ಲಿ ಗೆರೆ ಹನ್ನೆರಡಕ್ಕೆ ಏರಿತು. ಬಾಲಗಂಗಾಧರ ತಿಲಕರಂಥವರು ಅದನ್ನು ಧರ್ಮದಲ್ಲಿ ಪರಕೀಯರ ಕೈಯಾಡಿಸುವಿಕೆ ಎಂದು ವಿರೋಧಿಸಿದರು. ನಮ್ಮ ಮೈಸೂರು ಸಂಸ್ಥಾನ 1894ರಲ್ಲಿ ಎಂಟರೊಳಗಿನ ಹುಡುಗಿಯರ ಮದುವೆಯನ್ನು ನಿಷೇಧಿಸುವ ಶಾಸನ ಮಾಡಿತು. ಮುಂದೆ ಗೆರೆ ಹದಿನಾಲ್ಕಕ್ಕೆ, ಹದಿನಾರಕ್ಕೆ ಸರಿಯಿತು. ಆದರೆ ಗೆರೆಯೊಳಗೆ ಎಣಿಕೆಯಾಗುತ್ತಿದ್ದದ್ದು ಹೆಣ್ಣುಮಗುವಿನ ಮೇಲೆ ಗಂಡಸು ನಡೆಸಿದ ಒಂದೇ ಬಗೆಯ ಕೃತ್ಯ. ಉಳಿದುದೆಲ್ಲ ‘ಮಾನಭಂಗ’ ಎಂಬ ಸಡಿಲ ಕಲಮಿನಲ್ಲಿ ಸೇರುತ್ತಿತ್ತು. ಗಂಡುಮಗುವಿಗೆ ಇದ್ದದ್ದು ಸಲಿಂಗ ಸಂಬಂಧವನ್ನೇ ಅಪರಾಧವೆನ್ನುತ್ತಿದ್ದ 377ನೇ ಕಲಮು ಮಾತ್ರ.

ಸ್ವಾತಂತ್ರ್ಯದ ನಂತರದ ನಾಲ್ಕು ದಶಕಗಳನ್ನು ಬೇಗ ದಾಟಬಹುದು. ಈ ವಿಷಯದಲ್ಲಿ ಸರ್ಕಾರ ಮಾಡಿದ್ದು ಅಷ್ಟು ಕಡಿಮೆ. ಮೌನ ಒಡೆದದ್ದು ತೊಂಬತ್ತರ ದಶಕದಲ್ಲಿ, ಅದೂ ಸರ್ಕಾರದ ಹೊರಗೆ. ಬೆಂಗಳೂರಿನ ಸಂವಾದ ಸಂಸ್ಥೆ ಆ ದಶಕದ ನಡುವೆ ಶಾಲೆ ಕಾಲೇಜುಗಳ 348 ಹುಡುಗಿಯರನ್ನು ಕೇಳಿತು. ಶೇ 47ರಷ್ಟು ಹುಡುಗಿಯರು ತಮ್ಮ ಮೈಮೇಲೆ ಕೈ ಹಾಕಿದವರಿದ್ದಾರೆ ಎಂದರು. ಶೇ 15ರಷ್ಟು ಮಂದಿ ಅತ್ಯಾಚಾರವೂ ಸೇರಿದಂತೆ ಗಂಭೀರ ದೌರ್ಜನ್ಯ ಅನುಭವಿಸಿದ್ದರು. 1998ರಲ್ಲಿ ದೆಹಲಿಯ ರಾಹಿ ಸಂಸ್ಥೆ, ಇಂಗ್ಲಿಷ್ ಬಲ್ಲ ಮಧ್ಯಮ ಮತ್ತು ಮೇಲ್ವರ್ಗದ 600 ಮಹಿಳೆಯರ ಅಧ್ಯಯನ ಪ್ರಕಟಿಸಿತು. ಶೇ 76ರಷ್ಟು ಮಂದಿ ಬಾಲ್ಯದಲ್ಲಿ ದೌರ್ಜನ್ಯ ಕಂಡಿದ್ದರು. ಇದು ಕೊಳೆಗೇರಿಯ ಸಮಸ್ಯೆ, ಅನಕ್ಷರಸ್ಥರ ಸಮಸ್ಯೆ ಎಂದು ನಂಬಿದ್ದವರಿಗೆ ಅದು ಉತ್ತರವಾಗಿತ್ತು. ಇವು ಸಣ್ಣ ಅಧ್ಯಯನಗಳು, ಇಡೀ ದೇಶಕ್ಕೆ ಹಿಗ್ಗಿಸಿ ಹೇಳುವಂಥವಲ್ಲ. ಆದರೂ ಇವುಗಳಿಂದ ಒಂದು ವಿಷಯ ಖಚಿತವಾಯಿತು. ಸರಿಯಾದ ಜಾಗದಲ್ಲಿ, ನಂಬಿಕೆಯವರು ಕೇಳಿದರೆ ಜನ ಹೇಳುತ್ತಾರೆ.

ಅದೇ ಹೊತ್ತಿಗೆ ಗೋವಾದ ಮಡಗಾಂವಿನಲ್ಲಿ ಅನಾಥಾಲಯ ನಡೆಸುತ್ತಿದ್ದ ಫ್ರೆಡ್ಡಿ ಪೀಟ್ಸ್‌ನ ಬಂಧನವಾಗಿತ್ತು. 1991ರಲ್ಲಿ ಪೊಲೀಸರು ಅವನಲ್ಲಿ ವಶಪಡಿಸಿಕೊಂಡ ಮಕ್ಕಳ ಚಿತ್ರಗಳು ಸಾವಿರಾರು. ಮಕ್ಕಳನ್ನು ವಿದೇಶಿಗರಿಗೆ ಒಪ್ಪಿಸುತ್ತಿದ್ದ ಜಾಲ ಬಯಲಾಗಿ 1996ರಲ್ಲಿ ಅವನಿಗೆ ಶಿಕ್ಷೆಯಾಯಿತು. 2003ರಲ್ಲಿ ಗೋವಾ ತನ್ನದೇ ಮಕ್ಕಳ ಕಾಯ್ದೆ ತಂದು, ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯವನ್ನು ಕಾನೂನಿನಲ್ಲಿ ಬಿಡಿಸಿ ಬರೆಯಿತು. ಬೇರೆ ರಾಜ್ಯಗಳು ಅತ್ತ ಕಣ್ಣು ಹಾಯಿಸಲಿಲ್ಲ.

ದೆಹಲಿಯಲ್ಲಿ ಸಾಕ್ಷಿ ಎಂಬ ಮಹಿಳಾ ಸಂಸ್ಥೆ 1997ರಲ್ಲಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಅತ್ಯಾಚಾರದ ವ್ಯಾಖ್ಯೆ ಹಿಗ್ಗದಿದ್ದರೆ ಮಕ್ಕಳ ಮೇಲೆ ನಡೆಯುವ ಹೆಚ್ಚಿನ ಕೃತ್ಯಗಳು ಕಾನೂನಿನ ಕಣ್ಣಿಗೇ ಬೀಳುವುದಿಲ್ಲ ಎಂಬುದು ಅದರ ವಾದ. ಏಳು ವರ್ಷಗಳ ನಂತರ, 2004ರ ಮೇ ತಿಂಗಳಲ್ಲಿ ತೀರ್ಪು ಬಂತು. ವ್ಯಾಖ್ಯೆ ಹಿಗ್ಗಿಸುವುದು ಸಂಸತ್ತಿನ ಕೆಲಸವೆಂದು ಕೋರ್ಟು ಹಿಂದೆ ಸರಿಯಿತು. ಆದರೆ ವಿಚಾರಣೆಯ ರೀತಿಯ ಬಗ್ಗೆ ಮೂರು ನಿರ್ದೇಶನ ಕೊಟ್ಟಿತು: ಮಗುವಿಗೆ ಆರೋಪಿಯ ಮುಖ ಕಾಣದಂತೆ ಪರದೆ ಹಾಕಬೇಕು, ಪಾಟಿ ಸವಾಲಿನ ಪ್ರಶ್ನೆಗಳನ್ನು ವಕೀಲರು ಬರೆದು ಕೊಟ್ಟು ನ್ಯಾಯಾಧೀಶರೇ ಸರಳ ಮಾತಿನಲ್ಲಿ ಕೇಳಬೇಕು, ಮಗು ದಣಿದಾಗ ಬಿಡುವು ಕೊಡಬೇಕು. ಇಡೀ ಚರಿತ್ರೆಯಲ್ಲಿ ನನಗೆ ಅತಿ ಮುಖ್ಯವೆನಿಸುವ ಗಳಿಗೆಗಳಲ್ಲಿ ಇದೊಂದು. ಭಾರತದ ನ್ಯಾಯಾಲಯದ ಕೊಠಡಿ ಮೊದಲ ಬಾರಿಗೆ ಮಗುವಿನ ಎತ್ತರಕ್ಕೆ ಸ್ವಲ್ಪ ಬಾಗಿತು.

ಆಮೇಲೆ ಬಂದದ್ದು 2007. ಆ ಏಪ್ರಿಲ್‌ನಲ್ಲಿ ಕೇಂದ್ರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಮಕ್ಕಳ ಮೇಲಿನ ದೌರ್ಜನ್ಯದ ರಾಷ್ಟ್ರೀಯ ಅಧ್ಯಯನವನ್ನು ಹೊರತಂದಿತು. ಸಚಿವೆಯಾಗಿದ್ದವರು ರೇಣುಕಾ ಚೌಧರಿ. ಹದಿಮೂರು ರಾಜ್ಯಗಳಲ್ಲಿ 12,447 ಮಕ್ಕಳನ್ನು, 2,324 ಯುವಜನರನ್ನು ಮಾತಾಡಿಸಲಾಗಿತ್ತು. ಶಾಲೆಯಲ್ಲಿರುವ ಮಕ್ಕಳು, ಶಾಲೆ ಬಿಟ್ಟು ಮನೆಯಲ್ಲಿರುವವರು, ದುಡಿಯುವವರು, ಬೀದಿಯವರು, ಸಂಸ್ಥೆಗಳಲ್ಲಿ ಬೆಳೆಯುವವರು ಎಂದು ಐದು ಗುಂಪು. ಕರ್ನಾಟಕ ಆ ಹದಿಮೂರರಲ್ಲಿ ಇರಲಿಲ್ಲ. ಉತ್ತರ ಸರ್ಕಾರದ ಪುಸ್ತಕದಲ್ಲಿ ಅಚ್ಚಾಗಿ ಬಂತು: ಶೇ 53.22ರಷ್ಟು ಮಕ್ಕಳು ಒಂದಲ್ಲ ಒಂದು ಬಗೆಯ ಲೈಂಗಿಕ ದೌರ್ಜನ್ಯಕ್ಕೆ ಒಳಗಾಗಿದ್ದರು, ಶೇ 21.90ರಷ್ಟು ಮಕ್ಕಳು ಅದರ ತೀವ್ರ ರೂಪಗಳಿಗೆ. ದೌರ್ಜನ್ಯ ಎಸಗಿದವರಲ್ಲಿ ಅರ್ಧದಷ್ಟು ಮಂದಿ ಮಗುವಿಗೆ ಗೊತ್ತಿದ್ದವರು, ಮಗು ನಂಬಿದ್ದವರು. ಹೆಚ್ಚಿನ ಮಕ್ಕಳು ಯಾರಿಗೂ ಹೇಳಿರಲಿಲ್ಲ.

ಇನ್ನೊಂದು ಅಂಕಿ ಎಲ್ಲರನ್ನೂ ಬೆಚ್ಚಿಬೀಳಿಸಬೇಕಿತ್ತು, ಅಷ್ಟಾಗಿ ಬೀಳಿಸಲಿಲ್ಲ. ದೌರ್ಜನ್ಯ ಕಂಡ ಮಕ್ಕಳಲ್ಲಿ ಶೇ 52.94 ಹುಡುಗರು.

ಈ ಅಧ್ಯಯನಕ್ಕೂ ಮಿತಿಗಳಿದ್ದವು. ಬೀದಿ ಮಕ್ಕಳಿಗೆ, ಸಂಸ್ಥೆಯ ಮಕ್ಕಳಿಗೆ ಅವರ ಜನಸಂಖ್ಯೆಗಿಂತ ಎಷ್ಟೋ ಹೆಚ್ಚಿನ ಪಾಲು ಸಿಕ್ಕಿದ್ದರಿಂದ ‘ದೇಶದ ಪ್ರತಿ ಎರಡನೇ ಮಗು’ ಎಂಬ ಪ್ರಚಲಿತ ಮಾತು ಆ ಅಂಕಿಯಿಂದ ನೇರವಾಗಿ ಹೊರಡುವುದಿಲ್ಲ. ಬಲವಂತವಾಗಿ ಮುತ್ತಿಡುವುದರಿಂದ ಹಿಡಿದು ಅತ್ಯಾಚಾರದವರೆಗೆ ಎಲ್ಲವೂ ಒಂದೇ ಮೊತ್ತದಲ್ಲಿ ಸೇರಿತ್ತು. ಹಾಗಿದ್ದೂ ಅಂತರ ನೋಡಿ. ಅಪರಾಧ ದಾಖಲೆಗಳ ಬ್ಯೂರೊ ಲೆಕ್ಕದಲ್ಲಿ ಇಡೀ ದೇಶದಲ್ಲಿ ಮಕ್ಕಳ ಮೇಲಿನ ಅತ್ಯಾಚಾರ 2001ರಲ್ಲಿ 2,113, 2011ರಲ್ಲಿ 7,112. ಕೇಳಿದಾಗ ಸಿಗುವ ಅಂಕಿಗೂ ದೂರು ಬರಲಿ ಎಂದು ಕಾದಾಗ ಸಿಗುವ ಅಂಕಿಗೂ ನಡುವಿನ ಕಂದಕ ಅಷ್ಟು ಆಳದ್ದು.

ಕಂದಕ ತುಂಬಲು ಬಂದದ್ದು ಲೈಂಗಿಕ ಅಪರಾಧಗಳಿಂದ ಮಕ್ಕಳ ರಕ್ಷಣಾ ಕಾಯ್ದೆ, ಅಂದರೆ ಪೋಕ್ಸೊ. 2012ರ ಮೇ ತಿಂಗಳಲ್ಲಿ ಸಂಸತ್ತಿನ ಎರಡೂ ಸದನಗಳಲ್ಲಿ ಅಂಗೀಕಾರವಾಗಿ ನವೆಂಬರ್ 14ರಂದು, ಮಕ್ಕಳ ದಿನಾಚರಣೆಯಂದೇ ಜಾರಿಯಾಯಿತು. ಹುಡುಗ, ಹುಡುಗಿ ಎಂಬ ಭೇದ ಹೋಯಿತು. ಮುಟ್ಟುವುದು, ಚಿತ್ರ ತೆಗೆಯುವುದು, ಹಿಂಬಾಲಿಸುವುದು ಎಲ್ಲಕ್ಕೂ ಬೇರೆಬೇರೆ ಕಲಮುಗಳು ಬಂದವು. 19ನೇ ಕಲಮು ಇಡೀ ಸಮಾಜದ ಮೇಲೆ ಹೊಣೆ ಹೊರಿಸಿತು: ಇಂಥದ್ದು ನಡೆದಿದೆ ಎಂದು ಗೊತ್ತಾದ, ನಡೆಯಬಹುದೆಂಬ ಶಂಕೆ ಇರುವ ಯಾರೇ ಆಗಲಿ ಪೊಲೀಸರಿಗೆ ತಿಳಿಸಲೇಬೇಕು. ತಿಳಿಸದವರಿಗೆ ಆರು ತಿಂಗಳು, ಸಂಸ್ಥೆಯ ಮುಖ್ಯಸ್ಥರಾಗಿದ್ದರೆ ಒಂದು ವರ್ಷದವರೆಗೆ ಸೆರೆವಾಸ. ಹೇಳದೆ ಉಳಿದ ಮಗುವಿಗೆ ಮಾತ್ರ ಶಿಕ್ಷೆಯಿಲ್ಲ. 2014ರ ಜುಲೈನಲ್ಲಿ ಬೆಂಗಳೂರಿನ ಖಾಸಗಿ ಶಾಲೆಯೊಂದರ ಆರು ವರ್ಷದ ಮಗುವಿನ ಪ್ರಕರಣ ಹೊರಬಿದ್ದು ಸಾವಿರಾರು ಪೋಷಕರು ಬೀದಿಗಿಳಿದಾಗ, ಶಾಲೆಗೂ ಹೊಣೆಯಿದೆ ಎಂಬ ಈ ಕಲಮು ಕನ್ನಡನಾಡಿನ ಮನೆಮನೆಯ ಮಾತಾಯಿತು.

ಕಾಯ್ದೆಯ ಹಾಳೆಯಲ್ಲಿ ಎಂಟು ವರ್ಷದ ಮಗುವೊಂದರ ದೂರು ಹೀಗೆ ಸಾಗಬೇಕು. ಹೇಳಿಕೆ ಬರೆದುಕೊಳ್ಳಲು ಪಿಎಸ್‌ಐ ದರ್ಜೆಗೆ ಕಡಿಮೆಯಿಲ್ಲದ, ಸಾಧ್ಯವಾದಷ್ಟೂ ಮಹಿಳೆಯೇ ಆದ ಅಧಿಕಾರಿ ಬರಬೇಕು, ಖಾಕಿ ತೊಟ್ಟಿರಬಾರದು, ಮಗುವಿನ ಮನೆಯಲ್ಲೋ ಮಗು ಇಷ್ಟಪಟ್ಟ ಜಾಗದಲ್ಲೋ ಕೂತು, ಮಗುವಿನ ಮಾತಿನಲ್ಲೇ ಬರೆಯಬೇಕು. ರಾತ್ರಿ ಮಗುವನ್ನು ಠಾಣೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ಇಪ್ಪತ್ತನಾಲ್ಕು ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಗೂ ವಿಶೇಷ ನ್ಯಾಯಾಲಯಕ್ಕೂ ವಿಷಯ ಮುಟ್ಟಬೇಕು. ಹುಡುಗಿಯಾದರೆ ವೈದ್ಯೆಯೇ, ಮಗು ನಂಬಿದ ಹಿರಿಯರೊಬ್ಬರ ಎದುರು ಪರೀಕ್ಷಿಸಬೇಕು. ವಿಶೇಷ ನ್ಯಾಯಾಲಯ ಪ್ರಕರಣ ಕೈಗೆತ್ತಿಕೊಂಡ ಮೂವತ್ತು ದಿನದೊಳಗೆ ಮಗುವಿನ ಸಾಕ್ಷ್ಯ, ಒಂದು ವರ್ಷದೊಳಗೆ ತೀರ್ಪು.

ನೆಲದ ಮೇಲೆ ನಡೆಯುವುದು ಬೇರೆ. ಮಗು ಮೊದಲು ಅಮ್ಮನಿಗೆ ಹೇಳುತ್ತದೆ. ಅಮ್ಮ ಅಜ್ಜಿಗೆ. ಆಮೇಲೆ ಟೀಚರ್ ಕೇಳುತ್ತಾರೆ, ಪೊಲೀಸರು ಕೇಳುತ್ತಾರೆ, ಡಾಕ್ಟರ್ ಕೇಳುತ್ತಾರೆ, ಸಮಿತಿಯವರು ಕೇಳುತ್ತಾರೆ, ಮ್ಯಾಜಿಸ್ಟ್ರೇಟರು ಕೇಳುತ್ತಾರೆ. ತಿಂಗಳುಗಳು, ಕೆಲವೊಮ್ಮೆ ವರ್ಷಗಳು ಕಳೆದ ಮೇಲೆ ಕೋರ್ಟಿನಲ್ಲಿ ಎಲ್ಲವನ್ನೂ ಮೊದಲಿನಿಂದ ಹೇಳಬೇಕು. ಒಂದು ಮಾತು ಹೆಚ್ಚುಕಡಿಮೆಯಾದರೆ ಅದೇ ಎದುರು ವಕೀಲರ ಆಯುಧ. ಈ ಸಂಕಟ ಕಂಡೇ ಬೆಂಗಳೂರಿನ ಎನ್‌ಫೋಲ್ಡ್ ಸಂಸ್ಥೆ, ಬ್ಯಾಪ್ಟಿಸ್ಟ್ ಆಸ್ಪತ್ರೆಯಲ್ಲಿ ವೈದ್ಯರು, ಆಪ್ತಸಮಾಲೋಚಕರು, ಕಾನೂನು ಬಲ್ಲವರು ಒಂದೇ ಸೂರಿನಡಿ ಮಗುವಿನ ನೆರವಿಗೆ ನಿಲ್ಲುವ ಘಟಕ ಕಟ್ಟುವುದರಲ್ಲಿ ಕೈಜೋಡಿಸಿತು. ಇಂಥದ್ದು ಪ್ರತಿ ಜಿಲ್ಲಾ ಆಸ್ಪತ್ರೆಯಲ್ಲೂ ಇರಬೇಕು ಎನ್ನುವುದು ದೊಡ್ಡ ಬೇಡಿಕೆಯೇನೂ ಅಲ್ಲ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆಯ ಮಕ್ಕಳು ಮತ್ತು ಕಾನೂನು ಕೇಂದ್ರ ಕರ್ನಾಟಕವೂ ಸೇರಿ ಐದು ರಾಜ್ಯಗಳ ವಿಶೇಷ ನ್ಯಾಯಾಲಯಗಳನ್ನು ಅಧ್ಯಯನ ಮಾಡಿದಾಗ ಪದೇ ಪದೇ ಎದುರಾದ ಸಂಗತಿ, ಮಕ್ಕಳು ಪ್ರತಿಕೂಲ ಸಾಕ್ಷಿಗಳಾಗುವುದು. ಬ್ಯೂರೊದ 2015ರ ಲೆಕ್ಕದಲ್ಲೇ ಆ 8,800 ಪ್ರಕರಣಗಳ ಪೈಕಿ ಶೇ 94.8ರಲ್ಲಿ ಆರೋಪಿ ಮಗುವಿಗೆ ಪರಿಚಿತ. ಆರೋಪಿ ಮಾವನೋ ಚಿಕ್ಕಪ್ಪನೋ ಮನೆ ಮಾಲೀಕನೋ ಆಗಿದ್ದಾಗ, ಅನ್ನ ಹಾಕುವ ಕೈಯ ವಿರುದ್ಧ ವರ್ಷಗಟ್ಟಲೆ ನಿಲ್ಲುವ ತ್ರಾಣ ಎಷ್ಟು ಮನೆಗಳಿಗಿದೆ? 2019ರ ಆಗಸ್ಟ್‌ನಲ್ಲಿ ಸಂಸತ್ತು ಈ ಕಾಯ್ದೆಗೆ ಮರಣದಂಡನೆ ಸೇರಿಸಿತು. ನನ್ನ ಮಟ್ಟಿಗೆ ಅದು ಮಗುವಿನ ಬಾಯಿಗೆ ಇನ್ನೊಂದು ಬೀಗ. ಮಗ ನೇಣಿಗೇರುತ್ತಾನೆ ಎಂದಾದರೆ ಯಾವ ಅಜ್ಜಿ ಮೊಮ್ಮಗಳನ್ನು ಠಾಣೆಗೆ ಕಳಿಸಿಯಾಳು?

ಎಣಿಕೆಯ ವಿಷಯಕ್ಕೆ ಮರಳೋಣ. 2014ರ ವರದಿಯಲ್ಲಿ ಬ್ಯೂರೊ ಪೋಕ್ಸೊ ಪ್ರಕರಣಗಳ ಮೊದಲ ಅಂಕಿ ಕೊಟ್ಟಿತು: 8,904. 2015ರಲ್ಲಿ 14,913. ಕೋಷ್ಟಕಗಳು ಒಂದಾದ 2016ರಲ್ಲಿ 36,022. 2021ರಲ್ಲಿ 53,874. ಈ ಲೆಕ್ಕಕ್ಕೆ ಕೆಲವು ನಿಯಮಗಳಿವೆ. ಒಂದು ಎಫ್‌ಐಆರ್‌ನಲ್ಲಿ ಹಲವು ಅಪರಾಧಗಳಿದ್ದರೆ ಅತಿ ಗಂಭೀರವಾದ ಒಂದನ್ನು ಮಾತ್ರ ಎಣಿಸುತ್ತಾರೆ. ನಾಲ್ಕು ವರ್ಷ ಒಂದೇ ಮನೆಯಲ್ಲಿ ನಡೆದ ಹಿಂಸೆ ಒಂದು ಎಫ್‌ಐಆರ್ ಆದರೆ ಅದು ಒಂದು ಪ್ರಕರಣ. ಅದು ಸೇರುವುದು ಕೃತ್ಯ ನಡೆದ ವರ್ಷಕ್ಕಲ್ಲ, ದೂರು ದಾಖಲಾದ ವರ್ಷಕ್ಕೆ. ಹೀಗಾಗಿ ಜಾಗೃತಿ ಹೆಚ್ಚಿದ, ಠಾಣೆಯವರು ದೂರು ಬರೆದುಕೊಳ್ಳುವ ರಾಜ್ಯದ ಅಂಕಿ ಏರುತ್ತದೆ. ದೂರುದಾರರನ್ನು ಬಾಗಿಲಲ್ಲೇ ಅಟ್ಟುವ ರಾಜ್ಯ ಕಾಗದದ ಮೇಲೆ ಸುರಕ್ಷಿತವಾಗಿ ಕಾಣುತ್ತದೆ. ಅಂಕಿ ಏರಿದ ಜಿಲ್ಲೆಯ ಅಧಿಕಾರಿಯನ್ನು ತರಾಟೆಗೆ ತೆಗೆದುಕೊಳ್ಳುವುದರಷ್ಟು ಅನ್ಯಾಯ ಮಕ್ಕಳಿಗೆ ಬೇರೊಂದಿಲ್ಲ.

ಹುಡುಗರ ಗತಿ ನೋಡಿ. 2007ರಲ್ಲಿ ಕೇಳಿದಾಗ ಅರ್ಧಕ್ಕಿಂತ ಹೆಚ್ಚಿದ್ದರು. ಪೋಕ್ಸೊ ಬಂದು ಎಂಟೊಂಬತ್ತು ವರ್ಷಗಳ ನಂತರವೂ, ಕಾಯ್ದೆಯ ಅತಿ ಗಂಭೀರ ಕಲಮುಗಳಡಿ ದಾಖಲಾದ ಪ್ರಕರಣಗಳಲ್ಲಿ ನೂರಕ್ಕೆ 99 ಹೆಣ್ಣುಮಕ್ಕಳದು. ಕಾನೂನು ಹುಡುಗರಿಗೂ ಬಾಗಿಲು ತೆರೆದಿದೆ, ಅವರನ್ನು ಆ ಬಾಗಿಲವರೆಗೆ ಕರೆದೊಯ್ಯುವವರಿಲ್ಲ. 2007ರ ಆ ಗಾತ್ರದ ಸಮೀಕ್ಷೆಯನ್ನು ಐದು ವರ್ಷಕ್ಕೋ ಹತ್ತು ವರ್ಷಕ್ಕೋ ತಪ್ಪದೆ ನಡೆಸುವ ಏರ್ಪಾಡನ್ನು ಯಾವ ಸರ್ಕಾರವೂ ಮಾಡಲಿಲ್ಲ. ಹುಡುಗರ ನೋವು ಆ ಒಂದು ಪುಸ್ತಕದಲ್ಲೇ ನಿಂತಿದೆ.

2019ರಲ್ಲಿ ಸುಪ್ರೀಂ ಕೋರ್ಟ್ ತಾನೇ ಎಣಿಸಲು ಕೂತಿತು. ಪತ್ರಿಕೆಗಳಲ್ಲಿ ಬರುತ್ತಿದ್ದ ಸುದ್ದಿಗಳನ್ನು ನೋಡಿ ಮುಖ್ಯ ನ್ಯಾಯಮೂರ್ತಿ ರಂಜನ್ ಗೊಗೊಯಿ ಅವರ ಪೀಠ ಸ್ವಯಂಪ್ರೇರಿತವಾಗಿ ಪ್ರಕರಣ ಕೈಗೆತ್ತಿಕೊಂಡು ಹೈಕೋರ್ಟುಗಳಿಂದ ಅಂಕಿ ತರಿಸಿತು. ಜನವರಿ 1ರಿಂದ ಜೂನ್ 30ರವರೆಗೆ ದಾಖಲಾದ ಎಫ್‌ಐಆರ್ 24,212. ಅವುಗಳಲ್ಲಿ 11,981 ಇನ್ನೂ ತನಿಖೆಯಲ್ಲಿ. 12,231ರಲ್ಲಿ ಚಾರ್ಜ್‌ಶೀಟ್ ಆಗಿತ್ತು. ವಿಚಾರಣೆ ಶುರುವಾಗಿದ್ದದ್ದು 6,449ರಲ್ಲಿ. ಇತ್ಯರ್ಥವಾದದ್ದು 911. ಬ್ಯೂರೊ ವರದಿ ಎಷ್ಟು ದೂರು ಬಂತು ಎನ್ನುವಲ್ಲಿ ತಲೆಬರಹವಾಗಿ ಮುಗಿಯುತ್ತಿತ್ತು. ಈ ಎಣಿಕೆ ಮಾತ್ರ ದೂರಿನ ಬೆನ್ನು ಹತ್ತಿ ಅದು ಎಲ್ಲೆಲ್ಲಿ ನಿಂತುಹೋಯಿತು ಎಂದು ತೋರಿಸಿತು. ಜುಲೈ 25ರಂದು, ನೂರಕ್ಕಿಂತ ಹೆಚ್ಚು ಪೋಕ್ಸೊ ಪ್ರಕರಣಗಳಿರುವ ಪ್ರತಿ ಜಿಲ್ಲೆಯಲ್ಲೂ ಕೇಂದ್ರದ ಹಣದಿಂದ ಅರವತ್ತು ದಿನದೊಳಗೆ ಪ್ರತ್ಯೇಕ ನ್ಯಾಯಾಲಯ ಆಗಬೇಕೆಂದು ಆದೇಶವಾಯಿತು. ಆ ಅಕ್ಟೋಬರ್‌ನಲ್ಲಿ 1,023 ತ್ವರಿತ ವಿಶೇಷ ನ್ಯಾಯಾಲಯಗಳ ಯೋಜನೆ ಶುರುವಾಯಿತು. ಅವುಗಳಲ್ಲಿ 389 ಪೋಕ್ಸೊಗೇ ಮೀಸಲು.

ಅಷ್ಟರಲ್ಲಿ ಈ ನ್ಯಾಯಾಲಯಗಳ ಮುಂದೆ ಬೇರೆಯೇ ಬಗೆಯ ಪ್ರಕರಣಗಳು ಸಾಲುಗಟ್ಟಿದ್ದವು. ಪೋಕ್ಸೊ ಸಮ್ಮತಿಯ ವಯಸ್ಸನ್ನು ಹದಿನೆಂಟಕ್ಕೆ ಏರಿಸಿತ್ತು. ಹದಿನೇಳರ ಹುಡುಗಿ ಪ್ರೀತಿಸಿದವನ ಜೊತೆ ಮನೆ ಬಿಟ್ಟು ಹೋದರೆ, ಅಪ್ಪ ಕೊಟ್ಟ ದೂರಿನ ಮೇಲೆ ಹುಡುಗನ ಮೇಲೆ ಬೀಳುವುದು ಏಳರ ಮಗುವಿನ ಮೇಲೆರಗಿದವನಿಗೆ ಹಾಕುವ ಕಾಯ್ದೆಯೇ. ಎನ್‌ಫೋಲ್ಡ್ ಸಂಸ್ಥೆ ಅಸ್ಸಾಂ, ಮಹಾರಾಷ್ಟ್ರ, ಪಶ್ಚಿಮ ಬಂಗಾಳಗಳ 2016ರಿಂದ 2020ರವರೆಗಿನ 7,064 ತೀರ್ಪುಗಳನ್ನು ಓದಿತು. ಅವುಗಳಲ್ಲಿ 1,715, ಅಂದರೆ ಶೇ 24.3, ಪ್ರೇಮ ಪ್ರಕರಣಗಳು. ಬಹುತೇಕ ಎಲ್ಲವೂ ಖುಲಾಸೆಯಲ್ಲಿ ಮುಗಿದಿದ್ದವು. ಗರ್ಭಿಣಿಯಾದ ಹುಡುಗಿ ಆಸ್ಪತ್ರೆಗೆ ಬಂದರೆ ವೈದ್ಯರು ಪೊಲೀಸರಿಗೆ ತಿಳಿಸಲೇಬೇಕಾದ್ದರಿಂದ ಎಷ್ಟೋ ಹುಡುಗಿಯರು ಆಸ್ಪತ್ರೆಗೇ ಹೆದರಿದರು. ಅಂಥ ಹುಡುಗಿಯೂ ಅವಳ ಪೋಷಕರೂ ಕೇಳಿಕೊಂಡರೆ ವೈದ್ಯರು ಅವಳ ಗುರುತು ಹೇಳಬೇಕಿಲ್ಲ ಎಂದು ಸುಪ್ರೀಂ ಕೋರ್ಟ್ 2022ರ ಸೆಪ್ಟೆಂಬರ್‌ನಲ್ಲಿ ಸಡಿಲಿಕೆ ಕೊಟ್ಟಿತು. ಅದೇ ನವೆಂಬರ್‌ನಲ್ಲಿ ಕರ್ನಾಟಕ ಹೈಕೋರ್ಟಿನ ಧಾರವಾಡ ಪೀಠ, ಇಂಥ ಪ್ರಕರಣಗಳು ಮತ್ತೆ ಮತ್ತೆ ಬರುತ್ತಿರುವುದನ್ನು ಕಂಡು, ವಯಸ್ಸಿನ ವಿಷಯವನ್ನು ಮರುಚಿಂತಿಸುವಂತೆ ಕಾನೂನು ಆಯೋಗಕ್ಕೆ ಹೇಳಿತು.

ಆಯೋಗದ 283ನೇ ವರದಿ 2023ರ ಸೆಪ್ಟೆಂಬರ್‌ನಲ್ಲಿ ಬಂತು. ವಯಸ್ಸು ಹದಿನೆಂಟೇ ಇರಲಿ. ಹದಿನಾರರಿಂದ ಹದಿನೆಂಟರ ನಡುವಿನವರ ವಿಷಯದಲ್ಲಿ, ಒಪ್ಪಿಗೆ ಇದ್ದಂತೆ ಕಂಡರೆ, ಶಿಕ್ಷೆ ಎಷ್ಟೆಂಬುದನ್ನು ನ್ಯಾಯಾಧೀಶರ ವಿವೇಚನೆಗೆ ಬಿಡಬಹುದು ಎಂದಿತು ಅದು. ಶಿಕ್ಷೆಯ ಹಂತದಲ್ಲಿ ಸಿಗುವ ಈ ರಿಯಾಯಿತಿ ಎಫ್‌ಐಆರ್‌ನ ಹಂತವನ್ನು ಮುಟ್ಟುವುದಿಲ್ಲ. ಠಾಣೆಯ ಪುಸ್ತಕದಲ್ಲಿ ಆ ಹದಿನೇಳರ ಹುಡುಗಿಯೂ ಒಂದು ಪ್ರಕರಣ, ಏಳರ ಮಗುವೂ ಒಂದು ಪ್ರಕರಣ.